ನೂರಹನ್ನೆರಡು ಬತ್ತೀನಿ

ನೂರಹನ್ನೆರಡು ಜನ ಬರುತ್ತೇನೆ ಅಂದಿದ್ದರು. ಒಬ್ಬರೂ ಬರಲಿಲ್ಲ. ಸಾಲಿಗ್ರಾಮದ ಹುಚ್ಚಯ್ಯನ ದೂರು ಇಷ್ಟೇ. ಮೂರು ತಿಂಗಳಿಂದ ಅವನು ಇದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದ. ಸಿಕ್ಕವರು ಎಂದರೆ ಎದುರು ಹೋಟೆಲಿನ ನಟರಾಜು, ಅಂಗಡಿಯ ತಾರಸಿಗೆ ಅಂಟಿಸಿದ್ದ ಕ್ಯಾಮೆರಾ, ಮತ್ತು ಕಂಪನಿಯ ಫೋನಿನೊಳಗೆ ಕೂತ ಒಬ್ಬ ಹೆಂಗಸು. ನಿಜವಾಗಿ ಹೇಳಿಕೊಳ್ಳಬೇಕಾಗಿದ್ದ ಹೆಂಡತಿ ಭದ್ರಮ್ಮ ಮಾತ್ರ ಹಂಪಾಪುರದಲ್ಲಿ ತಮ್ಮನ ಮನೆ ಸೇರಿ ಎರಡೂವರೆ ತಿಂಗಳಾಗಿತ್ತು.

ಹುಚ್ಚಯ್ಯ ಎಂಬ ಹೆಸರನ್ನು ಹರಕೆ ಹೊತ್ತು ಇಟ್ಟದ್ದು ಅವನ ಅಜ್ಜಿ. ಅರವತ್ತು ವರ್ಷ ಅವನು ಆ ಹೆಸರಿಗೆ ತಕ್ಕಂತೆ ಒಂದು ಕೆಲಸವನ್ನೂ ಮಾಡಿರಲಿಲ್ಲ. ಮೂವತ್ತೆರಡು ವರ್ಷ ಬಸ್ ಕಂಡಕ್ಟರನಾಗಿದ್ದ. ಕೆ.ಆರ್. ನಗರ, ಸಾಲಿಗ್ರಾಮ, ಭೇರ್ಯ ಎಂದು ಬಾಗಿಲಲ್ಲಿ ನೇತಾಡಿಕೊಂಡು ಕೂಗಿದವನು. ಐವತ್ತು ಜನರ ಬಸ್ಸಿಗೆ ತೊಂಬತ್ತು ಜನರನ್ನು ತುಂಬಿ, ಆ ಸಂದಿಯಲ್ಲಿ ತಾನೂ ನುಸುಳಿ ಟಿಕೆಟ್ ಹರಿದವನು. ಅವನು ತುಳಿಯದ ಕಾಲು ಆ ತಾಲ್ಲೂಕಿನಲ್ಲಿ ಉಳಿದಿರಲಿಲ್ಲ. (ತುಳಿಸಿಕೊಂಡವರೇ 'ಪಾಪ, ಕಂಡಕ್ಟ್ರಿಗೂ ನಿಲ್ಲಕ್ಕೆ ಜಾಗ ಬೇಕಲ್ಲ' ಅಂತ ಸಮಾಧಾನ ಹೇಳುತ್ತಿದ್ದರು. ಅಂಥ ಜನ.)

ನಿವೃತ್ತಿಯಾದ ಮಾರನೆಯ ದಿನ ಬೆಳಗ್ಗೆ ಕಣ್ಣು ಬಿಟ್ಟರೆ ಮನೆಯಲ್ಲಿ ತಾನು ಮತ್ತು ಭದ್ರಮ್ಮ, ಇಬ್ಬರೇ. ಕಂಡಕ್ಟರನ ಲೆಕ್ಕದಲ್ಲಿ ಇಬ್ಬರು ಎಂದರೆ ಖಾಲಿ ಬಸ್ಸು. ಖಾಲಿ ಬಸ್ಸು ಓಡಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅಡಿಗೆಮನೆ ಬಾಗಿಲಲ್ಲಿ ನಿಂತು 'ಸ್ವಲ್ಪ ಒಳಗೆ ನಡೀರಿ' ಎಂದು ಎರಡು ಸಲ ಅಂದುಬಿಟ್ಟ. ಭದ್ರಮ್ಮ ಸೌಟು ಹಿಡಿದು ತಿರುಗಿ ನೋಡಿದಳು. ಅವನಿಗೆ ಜನ ಬೇಕಾಗಿತ್ತು, ಅಷ್ಟೇ ಅವನ ಕಾಯಿಲೆ.

ಅಂಥ ಹೊತ್ತಿನಲ್ಲೇ ಫೋನಿಗೆ ಜಾಹೀರಾತು ಬಂತು. 'ನಿವೃತ್ತರೇ, ನಿಮ್ಮ ಅಂಗಡಿಯ ಮುಂದೆ ಜನಸಾಗರ ಕಾಣಬೇಕೆ?' ಅವನು ಕಂಡದ್ದು ಸಾಗರ ಎಂಬ ಒಂದೇ ಮಾತನ್ನು. ಮೈಸೂರಿಗೆ ಹೋಗಿ, ಹವಾನಿಯಂತ್ರಿತ ಕೋಣೆಯಲ್ಲಿ ಗೋಡಂಬಿ ತಿಂದು, ಬಣ್ಣಬಣ್ಣದ ಪುಸ್ತಕದೊಂದಿಗೆ ವಾಪಸು ಬಂದ.

"ಫ್ರಾಂಚೈಸಿ ತಕತೀನಿ ಕಣಮ್ಮಿ," ಅಂದ.

"ಯಾವ ಪಂಚಾಯ್ತಿ?"

"ಪಂಚಾಯ್ತಿ ಅಲ್ಲ, ಫ್ರಾಂಚೈಸಿ. ಹೆಸರು ಅವರದು, ಅಂಗಡಿ ನಮ್ದು."

"ದುಡ್ಡು ಯಾರ್ದು?"

"ನಮ್ದು."

"ಕೇಳ್ಬೇಕಾದ್ದು ಯಾರ ಮಾತು?"

"ಅವರದು."

"ಅಂಗಂದ್ರೆ ಪಂಚಾಯ್ತೀನೇ ಕಣ್ರೀ," ಅಂದಳು ಭದ್ರಮ್ಮ. "ಏನ್ ಮಾರ್ತೀರಿ ಅದ್ರಲ್ಲಿ?"

"ಮಾರದು ಏನಿಲ್ಲ. ಸೇವೆ. ಪಾದಸುಖ ಅಂತ ಹೆಸರು. ಜನ ಬಂದು ಮೆತ್ತನೆ ಕುರ್ಚೀಲಿ ಕೂತ್ಕತಾರೆ. ನಾವು ಬಿಸಿನೀರಲ್ಲಿ ಕಾಲು ತೊಳ್ದು, ಎಣ್ಣೆ ಹಚ್ಚಿ, ಒತ್ತಿ ಕಳಿಸೋದು."

ಭದ್ರಮ್ಮ ಆ ಬಣ್ಣದ ಪುಸ್ತಕ ಮಡಚಿಟ್ಟಳು. "ಲೋಕದಲ್ಲಿ ದುಡ್ಡು ಬೇಕಾದೋರು ಕಾಲು ಹಿಡೀತಾರೆ. ನೀವು ಕೈಯಿಂದ ದುಡ್ಡು ಕೊಟ್ಟು ಕಾಲು ಹಿಡಿಯಕ್ಕೊಂಟಿದ್ದೀರಿ. ಒಂದು ಹಿಟ್ಟಿನ ಗಿರಣಿ ಹಾಕಿ ಅಂದ್ರೆ ಕಿವೀಗ್ ಹಾಕ್ಕಳಲ್ಲ."

"ಗಿರಣಿಗೆ ಜನ ಎಲ್ ಬತ್ತಾರೆ? ಡಬ್ಬ ಇಟ್ಟು ಓಯ್ತಾರೆ," ಅಂದ ಹುಚ್ಚಯ್ಯ. ಅವನ ವ್ಯಾಪಾರ ತತ್ವದ ಆದಿ ಅಂತ್ಯ ಎರಡೂ ಇದೇ.

ಕಂಪನಿ ಕಣ್ಣುಮುಚ್ಚಿ ಯಾರಿಗೂ ಫ್ರಾಂಚೈಸಿ ಕೊಡುತ್ತಿರಲಿಲ್ಲ. ಮೊದಲು ಸಮೀಕ್ಷೆ. ಅದಕ್ಕೆಂದು ವಸಂತ್ ಎಂಬ ಅಧಿಕಾರಿ ಮೈಸೂರಿನಿಂದ ಬಂದು ನಟರಾಜುವಿನ ಹೋಟೆಲಿನಲ್ಲಿ ಸಣ್ಣ ಟಿವಿಯಂಥದ್ದೊಂದು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಯಂತ್ರದಲ್ಲಿ ಎರಡೇ ಗುಂಡಿ. ಒಂದು 'ಬರುತ್ತೇನೆ', ಇನ್ನೊಂದು 'ಬರುವುದಿಲ್ಲ'. ಹುಚ್ಚಯ್ಯ ಬೀದಿಯಲ್ಲಿ ಹೋಗುವವರನ್ನು ಕರೆಕರೆದು ತಂದ. ಕರೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

"ನೋಡಿ, ಇಂಗಿಂಗೆ ಒಂದು ಪಾದಸೇವೆ ಅಂಗಡಿ ಮಾಡ್ತಿದ್ದೀನಿ. ಬತ್ತೀರಾ?"

"ನೀವು ಕರೀತೀರಿ ಅಂದ್ಮೇಲೆ ಏನು ಕಂಡಕ್ಟ್ರೇ. ಬತ್ತೀವಿ ಬುಡಿ."

ವಸಂತ್ ಒತ್ತಿದ. ಇನ್ನೊಬ್ಬರು ಬಂದರು. "ಬತ್ತೀನಿ ಬುಡಿ." ಒತ್ತಿದ. ಒಬ್ಬ ಮುದುಕ ಪ್ರಶ್ನೆ ಕೇಳಿಸಿಕೊಳ್ಳುವ ಮೊದಲೇ "ಬತ್ತೀನಿ ಬುಡಪ್ಪ" ಎಂದು ಕೋಲೂರಿಕೊಂಡು ಹೊರಟ. ಅದನ್ನೂ ಒತ್ತಿದ. ಸಂಜೆಯ ಹೊತ್ತಿಗೆ ನೂರಹನ್ನೆರಡು ಜನ. 'ಬರುವುದಿಲ್ಲ' ಎಂಬ ಗುಂಡಿಯ ಮೇಲೆ ಧೂಳು ಕೂತಿತ್ತು.

"ಸರ್, ಕರ್ನಾಟಕದಲ್ಲೇ ನೂರಕ್ಕೆ ನೂರು ಬಂದಿರುವುದು ಸಾಲಿಗ್ರಾಮದಲ್ಲಿ ಮಾತ್ರ," ಅಂದ ವಸಂತ್. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹುಚ್ಚಯ್ಯನ ಕಣ್ಣಲ್ಲಿ ನೀರೇ ಬಂತು. ಮೂವತ್ತೆರಡು ವರ್ಷ ಬಸ್ಸಿನ ಬಾಗಿಲಲ್ಲಿ 'ಬತ್ತೀರಾ' ಎಂದು ಕೇಳಿದವನು ಅವನು. ಅಲ್ಲಿ 'ಬತ್ತೀನಿ' ಎಂದವನು ಹತ್ತುತ್ತಿದ್ದ, ಟಿಕೆಟ್ ತಗೊಳ್ಳುತ್ತಿದ್ದ. ಆ ಮಾತಿಗೆ 'ಹೊರಟೆ' ಎಂಬ ಇನ್ನೊಂದು ಅರ್ಥವಿದೆ ಎಂಬುದು ಊರಿನ ಹಸುಗೂಸಿಗೂ ಗೊತ್ತಿತ್ತು, ದಿನಕ್ಕೆ ಹತ್ತು ಸಲ ಅದೇ ಮಾತಾಡುವ ಹುಚ್ಚಯ್ಯನಿಗೂ ಗೊತ್ತಿತ್ತು. ಆದರೆ ಬೇಕಾದ್ದನ್ನು ಕೇಳಿಸಿಕೊಳ್ಳುವ ಕಿವಿಗೆ ವ್ಯಾಕರಣ ಹಿಡಿಯುವುದಿಲ್ಲ.

ಒಪ್ಪಂದ ಪತ್ರ ಇಂಗ್ಲಿಷಿನಲ್ಲಿತ್ತು. ದಪ್ಪ ಎಷ್ಟೆಂದರೆ ತಲೆದಿಂಬಿಗೆ ಆಗುತ್ತಿತ್ತು. ಹುಚ್ಚಯ್ಯ ಪ್ರತಿ ಪುಟಕ್ಕೂ ಟ್ರಿಪ್ ಶೀಟಿಗೆ ಮಾಡುವಂತೆ ಗೀಚುತ್ತ ಹೋದ. ಒಳಗಿದ್ದದ್ದು ಒಂದೊಂದಾಗಿ ಆಮೇಲೆ ತಿಳಿಯಿತು. ಮಾಲೀಕ ನೇರಳೆ ಬಣ್ಣದ ಕೋಟು ಹಾಕಿಕೊಂಡು ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಖುದ್ದು ಕೂತಿರಬೇಕು, ಕೂತಿದ್ದಾನೋ ಇಲ್ಲವೋ ಎಂದು ಕಂಪನಿ ಕ್ಯಾಮೆರಾದಲ್ಲಿ ನೋಡುತ್ತದೆ. ಎಣ್ಣೆ, ಉಪ್ಪು, ಟವೆಲು ಎಲ್ಲ ಕಂಪನಿಯಿಂದಲೇ ಕೊಳ್ಳಬೇಕು. ಒಳಗೆ ಜಲಪಾತದ ಸದ್ದು ನಿಲ್ಲಬಾರದು. ಬಾಗಿಲು ತೆರೆದು ಬಂದವರಿಗೆ ಬಾಗಿ, 'ಪಾದಸುಖಕ್ಕೆ ಸುಸ್ವಾಗತ. ನಿಮ್ಮ ಪಾದವೇ ನಮ್ಮ ಪ್ರಸಾದ' ಅನ್ನಬೇಕು. ಮೂರು ವರ್ಷದವರೆಗೆ ಬಿಟ್ಟು ಹೋಗುವಂತಿಲ್ಲ. ಮದುವೆಯ ಮಂತ್ರದಲ್ಲೂ ಇಷ್ಟು ಕಟ್ಟುಪಾಡು ಇರಲಿಲ್ಲ.

ಅಂಗಡಿ ತೆರೆದ ಎರಡನೆಯ ವಾರ ಕಂಪನಿಯಿಂದ ಫೋಟೋ ತೆಗೆಯುವವರು ಬಂದರು. ಕುರ್ಚಿಯಲ್ಲಿ ಗಿರಾಕಿ ಇರುವ ಚಿತ್ರ ಬೇಕು ಅಂದರು. ಗಿರಾಕಿ ಎಲ್ಲಿಂದ ತರುವುದು? ಊಟದ ಡಬ್ಬ ತಂದಿದ್ದ ಭದ್ರಮ್ಮ ಅಲ್ಲೇ ನಿಂತಿದ್ದಳು. ಗದ್ದೆ ನಾಟಿ, ಸೌದೆ, ನೀರು ಅಂತ ಮೂವತ್ತೈದು ವರ್ಷ ನಿಂತೇ ಬದುಕಿದ ಕಾಲು ಅವಳದು. ನಾಲ್ಕು ಮೆತ್ತನೆ ಕುರ್ಚಿ ಖಾಲಿ ಬಿದ್ದಿದ್ದವು. ಅವಳು ಸಂಕೋಚದಿಂದ ಒಂದರ ತುದಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ಸೀರೆ ಅಂಚು ಒಂದು ಬೆರಳಷ್ಟು ಮೇಲೆತ್ತಿದಳು.

"ಏಳಮ್ಮಿ ಏಳು," ಅಂದ ಹುಚ್ಚಯ್ಯ. "ಆ ಹಿಮ್ಮಡಿ ನೋಡು, ಒಡ್ದು ಕೆರೆ ಅಂಗಳ ಆಗದೆ. ನಿನ್ ಕಾಲು ಫೋಟೋದಲ್ಲಿ ಬಂದ್ರೆ ಬರೋ ಗಿರಾಕೀನೂ ಓಡೋಯ್ತಾರೆ."

ತಮಾಷೆಗೆ ಅಂದದ್ದು. ಫೋಟೋದವರು ನಕ್ಕರು ಕೂಡ. ಭದ್ರಮ್ಮ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು. ಸಂಜೆ ಹುಚ್ಚಯ್ಯ ಮನೆ ಸೇರುವಾಗ ಅವಳು ಚೀಲ ಹಿಡಿದು ಹೊಸಿಲ ಹೊರಗೆ ನಿಂತಿದ್ದಳು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಸಿಟ್ಟಿಗೆ ಖರ್ಚಿಲ್ಲ.

"ಓಯ್ತೀನಿ," ಅಂದಳು.

ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ ಈ ಮಾತು ಆಡುವುದಿಲ್ಲ. ಅಂಗಡಿಗೆ ಉಪ್ಪು ತರಲು ಹೋದರೂ 'ಬತ್ತೀನಿ' ಅನ್ನುತ್ತಾರೆ. ಓಯ್ತೀನಿ ಅಂದರೆ ಹೋದಂತೆಯೇ ಲೆಕ್ಕ, ಅಪಶಕುನ. ಹುಚ್ಚಯ್ಯ ಅವಳ ಚೀಲಕ್ಕೆ ಕೈ ಹಾಕಿದ. "ಬತ್ತೀನಿ ಅನ್ನಮ್ಮಿ," ಅಂದ. ಅವಳು ಅನ್ನಲಿಲ್ಲ.

ಅಂದಿನಿಂದ ಅವನದು ಎರಡು ಖಾಲಿಗಳ ನಡುವಿನ ಸಂಚಾರ. ಮನೆಯಲ್ಲಿ ಗಂಟುಗಂಟಾದ ಮುದ್ದೆ, ಅಂಗಡಿಯಲ್ಲಿ ಖಾಲಿ ಕುರ್ಚಿ. ಗಾಜಿನ ಬಾಗಿಲು, ತಣ್ಣನೆ ಗಾಳಿ ನೋಡಿ ಕೆಲವರು ಬ್ಯಾಂಕ್ ಎಂದುಕೊಂಡರು. ಒಬ್ಬರು ಸಕ್ಕರೆ ಕಾಯಿಲೆ ಆಸ್ಪತ್ರೆ ಎಂದುಕೊಂಡು ಮಾತ್ರೆ ಚೀಟಿ ತೋರಿಸಿದರು. ಭೇರ್ಯದ ಬಸ್ಸಿಗೆ ಕಾಯುತ್ತಿದ್ದ ರೈತನೊಬ್ಬ ಮಳೆಗೆ ಒಳಗೆ ನುಗ್ಗಿದ. ಹುಚ್ಚಯ್ಯ ಅವನನ್ನು ಕುರ್ಚಿಗೆ ಒತ್ತಿ ಕೂರಿಸಿ, ಪ್ರಸಾದದ ಮಾತು ಹೇಳಿ, ಬಾಗಿ ಪಾದಕ್ಕೆ ಕೈ ಹಾಕಿದ್ದೇ ತಡ, ಆ ಮನುಷ್ಯ ಚೇಳು ಕಡಿದವನಂತೆ ನೆಗೆದು ನಿಂತ.

"ಬ್ಯಾಡಿ ಕಂಡಕ್ಟ್ರೇ. ನೀವು ದೊಡ್ಡೋರು. ದೊಡ್ಡೋರ ಕೈಲಿ ಕಾಲು ಮುಟ್ಟಿಸ್ಕಂಡ್ರೆ ನನ್ ಮನೆ ಉದ್ಧಾರ ಆದದಾ?" ಅಂದವನೇ ತಿರುಗಿ ತಾನೇ ಹುಚ್ಚಯ್ಯನ ಕಾಲು ಮುಟ್ಟಿ ನಮಸ್ಕಾರ ಮಾಡಿ ಮಳೆಗೇ ಹೊರಟುಹೋದ.

ಕಂಪನಿಯ ಪುಸ್ತಕದಲ್ಲಿ ಈ ತೊಡಕು ಬರೆದಿರಲಿಲ್ಲ. ಹುಚ್ಚಯ್ಯನಿಗಿಂತ ಚಿಕ್ಕವರು ಪಾಪಕ್ಕೆ ಹೆದರಿ ಬರುವುದಿಲ್ಲ. ದೊಡ್ಡವರಿಗೆ ಅಂಗಡಿಯ ಎತ್ತರದ ಮೆಟ್ಟಿಲು ಹತ್ತಲಾಗುವುದಿಲ್ಲ. ಉಳಿದದ್ದು ಅವನ ಸರೀಕರು. ಅವರೋ ಹೋಟೆಲಿನಲ್ಲಿ ಕೂತು "ಹುಚ್ಚಯ್ಯನ ಕಾಲು ಹಿಡಿಯೋ ಅಂಗಡಿ" ಎಂದು ನಗುವುದರಲ್ಲೇ ಪಾದಸುಖ ಕಂಡರು.

ದಿನಕ್ಕೊಮ್ಮೆ ಅವನು ಕಂಪನಿಗೆ ಫೋನ್ ಮಾಡುತ್ತಿದ್ದ. 'ನಿಮ್ಮ ಕರೆ ನಮಗೆ ಅತ್ಯಮೂಲ್ಯ. ದಯವಿಟ್ಟು ಕಾಯಿರಿ' ಎಂದು ಒಂದು ಹೆಣ್ಣುಧ್ವನಿ ಹೇಳುತ್ತಿತ್ತು. ಮೊದಮೊದಲು ದೂರು ಹೇಳಲು ಮಾಡುತ್ತಿದ್ದ. ಆಮೇಲೆ ಆ ಮಾತು ಕೇಳಲೆಂದೇ ಮಾಡತೊಡಗಿದ. ಅವನನ್ನು ಅಮೂಲ್ಯ ಅನ್ನುವವರು ಬೇರೆ ಯಾರೂ ಇರಲಿಲ್ಲ. "ಊಟ ಆಯ್ತಾ ತಾಯಿ?" ಎಂದು ಒಂದು ಮಧ್ಯಾಹ್ನ ಕೇಳಿಯೂ ಬಿಟ್ಟ. ಆಕೆ ಇಂಗ್ಲಿಷಿಗಾಗಿ ಎರಡನ್ನು ಒತ್ತಿ ಅಂದಳು. ಅವನಿಗೆ ಬಹಳ ಬೇಜಾರಾಯಿತು. ತೊಂಬತ್ತು ಜನರ ನಡುವೆ ಉಸಿರಾಡಲು ಒದ್ದಾಡಿದವನಿಗೆ ಈಗ ಬೇಕಾದಷ್ಟು ಗಾಳಿ ಇತ್ತು, ಅದನ್ನು ಏನು ಮಾಡಬೇಕೋ ಗೊತ್ತಾಗುತ್ತಿರಲಿಲ್ಲ.

ಕೊನೆಗೊಂದು ದಿನ ಟೀ ಕುಡಿಯುತ್ತ ನಟರಾಜುವಿನ ಮುಂದೆ ಮನಸ್ಸು ಬಿಚ್ಚಿದ. "ಓಯ್ತೀನಿ ಅಂದ್ಲು ಕಣ್ಲಾ. ಬತ್ತೀನಿ ಅಂತ ಅನ್ನಲೇ ಇಲ್ಲ. ಊರೋರೆಲ್ಲ ಬತ್ತೀನಿ ಅಂದ್ರು, ಬರಲಿಲ್ಲ. ಇವಳು ಓಯ್ತೀನಿ ಅಂದ್ಲು, ಹೋಗೇಬುಟ್ಲು."

"ಊರೋರು ಬತ್ತೀನಿ ಅಂದಿದ್ದು ಯಾವಾಗಣ್ಣ?" ಅಂದ ನಟರಾಜು. ಹೋಟೆಲಿನಲ್ಲಿ ಸಾಲದ ಬಾಕಿ ಕೇಳಿ ಕೇಳಿ ಜನರ ಮಾತಿನ ಒಳಮಡಿಕೆ ತಿಳಿದವನು ಅವನು. "ನಾನಿಲ್ಲೇ ನಿಂತಿದ್ದೆ. ಒಬ್ಬರೂ ಬತ್ತೀನಿ ಅನ್ನಲಿಲ್ಲ. ಎಲ್ಲರೂ ಬತ್ತೀನಿ ಬುಡಿ ಅಂದ್ರು."

"ಎರಡಕ್ಕೂ ಏನ್ಲಾ ವ್ಯತ್ಯಾಸ?"

"ಬತ್ತೀನಿ ಅಂದ್ರೆ ಬತ್ತೀನಿ. ಬತ್ತೀನಿ ಬುಡಿ ಅಂದ್ರೆ ನನ್ನ ಬುಟ್ಬುಡಿ ಅಂತ. ನಿಮ್ ಮುಖ ನೋಡಿ ಬರಲ್ಲ ಅನ್ನಕ್ಕೆ ಯಾರಿಗಣ್ಣ ಬಾಯಿ ಬಂದದು? ಎಷ್ಟು ಸಲ ಬಸ್ಸು ನಿಲ್ಸಿದ್ದೀರಿ ಅವರಿಗೋಸ್ಕರ."

ಹುಚ್ಚಯ್ಯನ ಒಳ್ಳೆಯತನವೇ ಅವನ ಬುಡಕ್ಕೆ ನೀರು ತಂದಿತ್ತು. ಆದರೆ ಅವನ ತಲೆಯಲ್ಲಿ ಓಡಿದ್ದು ಬೇರೆ. ಊರೆಲ್ಲ ಸುಳ್ಳು ಮರ್ಯಾದೆ ಮಾಡಿದಾಗ ಮನೆಯಲ್ಲಿ ಒಬ್ಬಳು ನಿಜ ಹೇಳಿದ್ದಳು, ಗಿರಣಿಯ ದಿನವೂ, ಹೊರಟ ದಿನವೂ. ಅವಳಿಲ್ಲದೆ ತನಗೆ ಬದುಕಲು ಆಗುತ್ತಿಲ್ಲ ಎಂಬುದು ಆಗ ಅವನಿಗೆ ನೇರವಾಗಿ ತಿಳಿಯಿತು.

ಮಾರನೆಯ ದಿನ ಬೆಳಗ್ಗೆ ಕ್ಯಾಮೆರಾಕ್ಕೆ ಟವೆಲು ಮುಚ್ಚಿ, ನೇರಳೆ ಕೋಟು ಹಾಕಿ, ನೇರಳೆ ಬೋಗುಣಿ, ಎಣ್ಣೆ, ಉಪ್ಪು ಕಂಕುಳಲ್ಲಿಟ್ಟು ಬಸ್ಸು ಹತ್ತಿದ. ಕೆ.ಆರ್. ನಗರ, ಹುಣಸೂರು, ಎಚ್.ಡಿ. ಕೋಟೆ, ಹಂಪಾಪುರ. ಮೂರು ಕಡೆ ಬಸ್ಸು ಬದಲಿಸಿದ. ನಾಲ್ಕು ಬಸ್ಸಿನಲ್ಲೂ ಅವನ ಕಾಲನ್ನು ಕಂಡಕ್ಟರುಗಳು ತುಳಿದರು.

ಭಾವಮೈದ ಚಿಕ್ಕಮಾದು ಜಗುಲಿಯಲ್ಲಿ ಕೂತಿದ್ದ. "ಬನ್ನಿ ಭಾವ," ಎಂದು ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ತರಿಸಿಕೊಟ್ಟ. ಹುಚ್ಚಯ್ಯ ಆ ನೀರನ್ನು ತನ್ನ ಕಾಲಿಗೆ ಹಾಕಿಕೊಳ್ಳದೆ ಬೋಗುಣಿಗೆ ಸುರಿದ. ಒಳಗಿನಿಂದ ಭದ್ರಮ್ಮ ಬಂದು ಬಾಗಿಲಲ್ಲಿ ನಿಂತಳು.

"ಏನು, ಕಂಪ್ನಿಯೋರು ರಜಾ ಕೊಟ್ರಾ?"

"ಕಾಲು ಕೊಡು."

"ಯಾರ ಕಾಲು?"

"ನಿನ್ ಕಾಲು ಕಣಮ್ಮಿ."

"ನನ್ ಕಾಲು ನೋಡಿದ್ರೆ ಗಿರಾಕಿ ಓಡೋಯ್ತಾರೆ."

"ಇಲ್ಲಿ ಗಿರಾಕಿ ಇಲ್ಲ."

"ಅಲ್ಲಿ?"

"ಅಲ್ಲೂ ಇಲ್ಲ," ಅಂದ ಹುಚ್ಚಯ್ಯ.

ಭದ್ರಮ್ಮ ತುಟಿ ಕಚ್ಚಿಕೊಂಡು ಆ ಕಡೆ ತಿರುಗಿದಳು. ಗಂಡನ ಕೈಲಿ ಕಾಲು ಮುಟ್ಟಿಸಿಕೊಂಡರೆ ಪಾಪ ಅಂದಳು. ತಮ್ಮನ ಮುಂದೆ ಮಾನ ಕಳೀಬೇಡಿ ಅಂದಳು. ಕೊನೆಗೆ ಬೀದಿಯವರು ಸೇರುವುದನ್ನು ನೋಡಿ, ಬೇಗ ಮುಗಿಯಲಿ ಎಂದು ಜಗುಲಿಯ ಅಂಚಿಗೆ ಕೂತು ಕಾಲು ಬಿಟ್ಟಳು. ಹುಚ್ಚಯ್ಯ ಬಾಗಿ, ಗಂಟಲು ಸರಿಮಾಡಿಕೊಂಡು, "ಪಾದಸುಖಕ್ಕೆ ಸುಸ್ವಾಗತ. ನಿಮ್ಮ ಪಾದವೇ ನಮ್ಮ ಪ್ರಸಾದ" ಅಂದ. ಬಾಯಿಪಾಠ ಬಂದುಬಿಟ್ಟಿತ್ತು. ಚಿಕ್ಕಮಾದು ಎದ್ದು ಹಿತ್ತಲಿಗೆ ಹೋದ.

ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅವನು ಆ ಕಾಲನ್ನು ಹತ್ತಿರದಿಂದ ನೋಡಿರಲಿಲ್ಲ. ಎಡಗಾಲಿನ ಕಿರುಬೆರಳಿಗೆ ಉಗುರೇ ಇರಲಿಲ್ಲ.

"ಇದ್ಯಾವಾಗ ಓಯ್ತು?"

"ನಿಮ್ ಬಸ್ಸಲ್ಲೇ," ಅಂದಳು. "ಕೆ.ಆರ್. ನಗರದ ಸಂತೆಯಿಂದ ಬರೋವಾಗ ನೀವೇ ತುಳಿದ್ರಿ. ತುಳಿದು, ಮುಂದಕ್ಕೆ ನಡೀರಮ್ಮಾ ಅಂದ್ರಿ. ಮುಖಾನೂ ನೋಡ್ಲಿಲ್ಲ."

ಹುಚ್ಚಯ್ಯ ಆ ಬೆರಳನ್ನೇ ಒತ್ತುತ್ತ ಕೂತ. ಅಷ್ಟು ಹೊತ್ತು ಒತ್ತಲು ಕಂಪನಿ ಹೇಳಿಕೊಟ್ಟಿರಲಿಲ್ಲ. ಜಗುಲಿಯಲ್ಲಿ ಇಬ್ಬರೇ ಇದ್ದಂತೆ ಅನ್ನಿಸಿತು, ಮೊದಲ ಸಲ ಆ ಲೆಕ್ಕ ಅವನಿಗೆ ಕಡಿಮೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮಾರಮ್ಮ ಬಂದು ಜಗುಲಿಯ ಮೇಲೆ ಕೂತಳು. ಎಂಬತ್ತು ದಾಟಿದ ಅಜ್ಜಿ. "ನಿಂಗಿಂತ ದೊಡ್ಡೋಳು ನಾನು. ನಂಗೆ ಪಾಪ ಬರಕ್ಕಿಲ್ಲ. ನಂದೂ ಒತ್ತು ಮಗ," ಎಂದು ಎರಡೂ ಕಾಲು ಬೋಗುಣಿಗೆ ಇಳಿಬಿಟ್ಟಳು. ಅವಳ ಹಿಂದೆ ಇನ್ನೂ ನಾಲ್ವರು ಅಜ್ಜಿಯರು. ಮೂರು ತಿಂಗಳು ಬಾರದ ಜನಸಾಗರ ಹಂಪಾಪುರದಲ್ಲಿ ಒಂದು ಗಂಟೆಗೆ ಬಂತು, ಅದೂ ಪುಕ್ಕಟೆಗೆ. ಯಾರೋ ಫೋನಿನಲ್ಲಿ ಚಿತ್ರ ಹಿಡಿದು ಸ್ಟೇಟಸ್ಸಿಗೆ ಹಾಕಿದರು, ಅದು ಫೋನಿಂದ ಫೋನಿಗೆ ದಾಟಿ ಮೈಸೂರು ಮುಟ್ಟಿತು. ನಾಲ್ಕನೆಯ ಅಜ್ಜಿಯ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿರುವಾಗ ವಸಂತನ ಫೋನ್ ಬಂತು. ಇವನಾಗಿ ಮಾಡಿದಾಗ ಒಮ್ಮೆಯೂ ಸಿಗದಿದ್ದ ಕಂಪನಿ.

"ಸರ್, ಎಚ್.ಡಿ. ಕೋಟೆ ತಾಲ್ಲೂಕು ನಿಮ್ಮ ವ್ಯಾಪ್ತಿಯಲ್ಲಿಲ್ಲ. ಅಲ್ಲಿ ಸೇವೆ ಮಾಡಿದರೆ ದಂಡ ಬೀಳುತ್ತದೆ."

"ನನ್ ಹೆಂಡ್ತಿ ಕಣಪ್ಪ ಅವಳು."

"ಮನೆಯವರಿಗೆ ಉಚಿತ ಸೇವೆಯೂ ನಿಷಿದ್ಧ ಸರ್. ಕಲಂ ಹತ್ತೊಂಬತ್ತು. ನಾಳೆ ಬೆಳಗ್ಗೆ ಮೈಸೂರು ಆಫೀಸಿಗೆ ಬಂದು ವಿವರಣೆ ಕೊಡಬೇಕು. ಬರುತ್ತೀರಾ?"

ಹುಚ್ಚಯ್ಯ ಎಣ್ಣೆಗೈಯಲ್ಲೇ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆಮೇಲೆ ಬಹಳ ಮರ್ಯಾದೆಯಿಂದ, ಒಂದೊಂದು ಅಕ್ಷರವನ್ನೂ ಬಿಡಿಸಿ, "ಬತ್ತೀನಿ ಬುಡಪ್ಪ," ಅಂದ.

ಆ ಕಡೆ ವಸಂತ್ ಗುಂಡಿ ಒತ್ತಿದ್ದಿರಬೇಕು. ಈ ಕಡೆ ಭದ್ರಮ್ಮ ನಕ್ಕುಬಿಟ್ಟಳು. ಎರಡೂವರೆ ತಿಂಗಳ ಮೇಲೆ ಕೇಳಿದ ನಗು. ಹುಚ್ಚಯ್ಯನಿಗೆ ಹುರುಪು ಬಂತು. ಅವಳ ಕಾಲನ್ನು ಟವೆಲಿನಲ್ಲಿ ಒರೆಸಿ, ಚಪ್ಪಲಿಯನ್ನು ತಾನೇ ಮುಂದಿಟ್ಟು, ಬೋಗುಣಿ ಎತ್ತಿಕೊಂಡು ನಿಂತ.

"ಮನೆಗೆ ಬತ್ತೀಯಾ?"

ಭದ್ರಮ್ಮ ಚಪ್ಪಲಿ ಮೆಟ್ಟಲಿಲ್ಲ. ಒರೆಸಿದ ಕಾಲನ್ನು ಮಡಿಸಿಕೊಂಡು ಮುಖ ನೋಡಿದಳು. ಸಿಟ್ಟಿರಲಿಲ್ಲ ಮುಖದಲ್ಲಿ.

"ಬತ್ತೀನಿ ಬುಡಿ," ಅಂದಳು.

ವಾಪಸು ಬರುವಾಗ ನಾಲ್ಕು ಬಸ್ಸಿನಲ್ಲೂ ಅವನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವಳ ದನಿಯನ್ನು ಮನಸ್ಸಿನಲ್ಲಿ ಹಿಂದೆ ಮುಂದೆ ತಿರುಗಿಸಿ ಕೇಳಿದ. ಹುಣಸೂರಿನವರೆಗೆ ಬರುತ್ತಾಳೆ ಅನ್ನಿಸಿತು. ಕೆ.ಆರ್. ನಗರ ಬರುವಷ್ಟರಲ್ಲಿ ಇಲ್ಲ ಅನ್ನಿಸಿತು. ಆ ಮಾತನ್ನು ಆಡುವುದು ಹೇಗೆಂದು ಅವನಿಗೆ ಈಗ ಚೆನ್ನಾಗಿ ಗೊತ್ತಿತ್ತು. ಕೇಳುವುದು ಮಾತ್ರ ಇನ್ನೂ ಬಂದಿರಲಿಲ್ಲ.

ಮಾರನೆಯ ದಿನ ನಟರಾಜು ಟೀ ಗ್ಲಾಸು ಮುಂದಿಟ್ಟು ಕೇಳಿದ. "ಅತ್ತಿಗೆ ಏನಂದ್ರಣ್ಣ?"

"ಬತ್ತಾಳಂತೆ."

"ಬರೀ ಬತ್ತೀನಿ ಅಂದ್ರಾ, ಬತ್ತೀನಿ ಬುಡಿ ಅಂದ್ರಾ?"

ಹುಚ್ಚಯ್ಯ ಗ್ಲಾಸಿನ ತಳ ಕಾಣುವವರೆಗೂ ಟೀ ಕುಡಿದ. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು, ಎದುರಿನ ಖಾಲಿ ಅಂಗಡಿಯ ಕಡೆ ನೋಡಿ ಎದ್ದ.

"ಬತ್ತೀನಿ ಬುಡು ನಟರಾಜು," ಅಂದ.